ಎಂಡಿಎಂಎ ಕೇಸಿನಲ್ಲಿ ಜಪ್ತಿಯಾದ ಮದುವೆ ಹಣ ವಾಪಸ್ ಸಿಗುತ್ತಾ?

ಪ್ರಶ್ನೆ: ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ತೋಟ. ಗಂಡ ತೀರಿಕೊಂಡು ಆರು ವರ್ಷವಾಯಿತು. ಮಗಳ ಮದುವೆ ನಿಶ್ಚಯವಾಗಿದೆ. ಚಿನ್ನ, ಬಟ್ಟೆ ತರಲು ಮಗನ ಕೈಯಲ್ಲಿ 3,25,000 ರೂಪಾಯಿ ಕೊಟ್ಟು ಮಂಗಳೂರಿಗೆ ಕಳಿಸಿದ್ದೆ. ಅದರಲ್ಲಿ 1,50,000 ನನ್ನ ಬಳೆ ಅಡವಿಟ್ಟು ಸೊಸೈಟಿ ಬ್ಯಾಂಕಿನಿಂದ ತೆಗೆದದ್ದು. ಮೂರು ಕ್ವಿಂಟಾಲ್ ಅಡಿಕೆ ಕೆ.ಜಿ.ಗೆ 450ರಂತೆ ಕೊಟ್ಟು ಬಂದದ್ದು 1,35,000. ಉಳಿದ 40,000 ನನ್ನ ತಮ್ಮ ಗಲ್ಫಿನಿಂದ ಬ್ಯಾಂಕಿಗೆ ಹಾಕಿದ್ದು. ಆ ದಿನ ಚಿನ್ನದ ರೇಟು ಜಾಸ್ತಿ ಇತ್ತೆಂದು ಏನೂ ತಗೊಳ್ಳದೆ ಮಗ ಗೆಳೆಯನ ಕಾರಿನಲ್ಲಿ ವಾಪಸ್ ಬರುತ್ತಿದ್ದ. ತಲಪಾಡಿ ಗಡಿ ದಾಟಿ ಕೇರಳದೊಳಗೆ ಬಂದ ಮೇಲೆ ಕಾರು ತಡೆದು ನೋಡಿದಾಗ ಗೆಳೆಯನ ಜೇಬಿನಲ್ಲಿ 3 ಗ್ರಾಂ ಎಂಡಿಎಂಎ ಎಂಬ ಮಾದಕ ವಸ್ತು ಸಿಕ್ಕಿತಂತೆ. ನನ್ನ ಮಗನನ್ನು ಎರಡನೇ ಆರೋಪಿ ಮಾಡಿದ್ದಾರೆ. ಈಗ ಜಾಮೀನಿನಲ್ಲಿ ಹೊರಗಿದ್ದಾನೆ. ಬ್ಯಾಗಿನಲ್ಲಿದ್ದ ಹಣವನ್ನು ಡ್ರಗ್ಸ್ ಮಾರಿದ ಹಣ ಎಂದು ಜಪ್ತಿ ಮಾಡಿದರು. ಜಪ್ತಿಯ ವಿವರ ಬರೆದ ಮಹಜರಿನಲ್ಲಿ 3,31,500 ಎಂದು ಇದೆಯಂತೆ. ಮಹಜರು ಮಲಯಾಳಂನಲ್ಲಿತ್ತು, ಓದಲು ಬಾರದೆ ಮಗ ಸಹಿ ಹಾಕಿದ್ದಾನೆ. ಪೊಲೀಸರು ಹಿಡಿದ ಹಣ ಹೋದ ಹಾಗೆಯೇ ಎಂದು ಊರಿನವರು ಹೇಳುತ್ತಾರೆ. ಅಮೆರಿಕದಲ್ಲೂ ಹಾಗೆಯೇ ಅಂತ ಮಗಳು ಒಂದು ವಿಡಿಯೋ ತೋರಿಸಿದಳು. ಒಬ್ಬರು ನೂರಕ್ಕೆ ಮೂವತ್ತು ಕೊಟ್ಟರೆ ಬಿಡಿಸಿ ಕೊಡುತ್ತೇನೆ ಎನ್ನುತ್ತಾರೆ. ಅಡಿಕೆ ವ್ಯಾಪಾರಿಯಿಂದ ಈಗ ಒಂದು ಬಿಲ್ಲು ಬರೆಸಿಕೊಳ್ಳಲಾ? ನನ್ನ ಹಣ ಎಂದು ಕೋರ್ಟಿಗೆ ಹೋದರೆ ನನ್ನನ್ನೂ ಆರೋಪಿ ಮಾಡುತ್ತಾರಾ?

ಉತ್ತರ:

ಅಕ್ಕಾ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಬಳೆ ಅಡವಿನಲ್ಲಿದೆ, ಅಡಿಕೆ ಕೊಟ್ಟಾಗಿದೆ, ಹಣ ಸರ್ಕಾರದ ಕೈಯಲ್ಲಿದೆ, ಮದುವೆ ಎದುರಿಗಿದೆ. ಅದರ ಮೇಲೆ ಮಗನ ಕೇಸು. ಇಷ್ಟೆಲ್ಲ ಒಟ್ಟಿಗೆ ಬಂದಾಗ ಮನುಷ್ಯರು ಗಾಬರಿಯಲ್ಲಿ ತಪ್ಪು ಹೆಜ್ಜೆ ಇಡುತ್ತಾರೆ. ನೀವು ಇನ್ನೂ ಇಟ್ಟಿಲ್ಲ, ಇಡುವ ಮುಂಚೆ ಕೇಳಿದ್ದೀರಿ. ಒಳ್ಳೆಯದಾಯಿತು.

ಮೊದಲು ಎರಡು ಪದ ಬೇರೆ ಮಾಡೋಣ. ಜಪ್ತಿ ಅಂದರೆ ತನಿಖೆಗಾಗಿ ವಸ್ತುವನ್ನು ವಶಕ್ಕೆ ತಗೊಳ್ಳುವುದು. ಮುಟ್ಟುಗೋಲು ಅಂದರೆ ಅದು ಕಾಯಂ ಆಗಿ ಸರ್ಕಾರದ್ದಾಗುವುದು. ಪೇಪರಿನವರು ಎರಡಕ್ಕೂ ಒಂದೇ ಪದ ಬಳಸುತ್ತಾರೆ, ಅದರಿಂದಲೇ ಜನ ಅರ್ಧ ಸೋಲುತ್ತಾರೆ. ನಿಮ್ಮ ಹಣ ಜಪ್ತಿಯಾಗಿದೆ, ಮುಟ್ಟುಗೋಲು ಆಗಿಲ್ಲ. ಕಾರು ತಡೆದ ಅಧಿಕಾರಿಗೆ ಜಪ್ತಿ ಮಾಡುವ ಅಧಿಕಾರ ಉಂಟು, ಮುಟ್ಟುಗೋಲು ಹಾಕುವ ಅಧಿಕಾರ ಇಲ್ಲ. ಎರಡರ ನಡುವೆ ಒಂದು ದಾರಿ ಇದೆ. ಆ ದಾರಿಯಲ್ಲಿ ನಿಮ್ಮ ಮಾತು ಕೇಳಲೇಬೇಕು.

ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಡ್ರಗ್ಸ್ ಮಾರಿ ಬಂದ ಹಣವನ್ನು ಮುಟ್ಟುಗೋಲು ಹಾಕಬಹುದು. ಅಲ್ಲಿರುವ ಮಾತು ‘ಮಾರಿ ಬಂದ ಹಣ’. ಡ್ರಗ್ಸ್ ಸಿಕ್ಕಿದ ಕಾರಿನಲ್ಲೇ ಹಣವೂ ಇತ್ತು ಎಂದ ಮಾತ್ರಕ್ಕೆ ಅದು ಮಾರಿ ಬಂದ ಹಣ ಆಗುವುದಿಲ್ಲ. ಆಯಿತೋ ಇಲ್ಲವೋ ಎಂದು ತೀರ್ಮಾನಿಸುವವರು ನ್ಯಾಯಾಧೀಶರು, 63ನೇ ಸೆಕ್ಷನ್ ಕೆಳಗೆ. ಈ ಸೆಕ್ಷನ್‌ನಲ್ಲಿ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಆರೋಪಿಗೆ ಶಿಕ್ಷೆಯಾಗಲಿ, ಬಿಡುಗಡೆಯಾಗಲಿ, ವಸ್ತುವಿನ ವಿಷಯವನ್ನು ಕೋರ್ಟು ಬೇರೆಯಾಗಿಯೇ ತೀರ್ಮಾನಿಸಬೇಕು. ಹಾಗಾಗಿ ಮಗ ಖುಲಾಸೆಯಾದರೆ ಹಣ ತಾನಾಗಿ ಬರುತ್ತದೆ ಎಂದು ಸುಮ್ನೆ ಕೂರುವುದೂ ತಪ್ಪು, ಶಿಕ್ಷೆಯಾದರೆ ಹಣ ಹೋಯಿತು ಎಂದು ಕೈಬಿಡುವುದೂ ತಪ್ಪು. ಒಡೆಯ ಯಾರೆಂದು ಗೊತ್ತಾಗದ ಮಾಲಿನ ವಿಷಯದಲ್ಲೂ ಜಪ್ತಿಯಾದ ದಿನದಿಂದ ಒಂದು ತಿಂಗಳು ಕಳೆಯದೆ, ಹಕ್ಕು ಹೇಳುವವರ ಮಾತು ಕೇಳದೆ ಮುಟ್ಟುಗೋಲು ಹಾಕುವಂತಿಲ್ಲ ಎಂದು ಆ ಸೆಕ್ಷನ್ ಹೇಳುತ್ತದೆ.

ಮಗಳು ತೋರಿಸಿದ ವಿಡಿಯೋ ಸುಳ್ಳಲ್ಲ. ಅಮೆರಿಕದಲ್ಲಿ ಮನುಷ್ಯನ ಮೇಲೆ ಕೇಸೇ ಹಾಕದೆ ಹಣದ ಮೇಲೆ ಕೇಸು ಹಾಕುವ ಪದ್ಧತಿ ಇದೆ. ಅಲ್ಲಿನ ಒಂದು ಮೇಲ್ಮನವಿ ಕೋರ್ಟು 2006ರಲ್ಲಿ ತೀರ್ಮಾನಿಸಿದ ಪ್ರಕರಣದ ಹೆಸರೇ ‘ಯುನೈಟೆಡ್ ಸ್ಟೇಟ್ಸ್ ವಿರುದ್ಧ 1,24,700 ಡಾಲರ್’. ಆ ಕಾರಿನಲ್ಲಿ ಡ್ರಗ್ಸ್ ಸಿಗಲಿಲ್ಲ, ಆದರೂ ಹಣ ಹೋಯಿತು. ಅಲ್ಲಿ ಹೀಗೆ ಬಂದ ಹಣದಲ್ಲಿ ಸ್ಥಳೀಯ ಪೊಲೀಸ್ ಇಲಾಖೆಗೂ ಪಾಲು ಸಿಗುವ ಏರ್ಪಾಡಿದೆ. ನಮ್ಮಲ್ಲಿ ಹಾಗಿಲ್ಲ.

ಆದರೆ ನಮ್ಮ ಕಾಯ್ದೆಯಲ್ಲೂ ಅದಕ್ಕೆ ಹತ್ತಿರದ್ದೊಂದು ಭಾಗ ಇದೆ, ಅದನ್ನು ಮುಚ್ಚಿಡುವುದಿಲ್ಲ. 1989ರಲ್ಲಿ ಸೇರಿಸಿದ 5ಎ ಅಧ್ಯಾಯ. ಹತ್ತು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧದಲ್ಲಿ ಸಿಕ್ಕಿಬಿದ್ದವರ, ಅವರ ಸಂಬಂಧಿಕರ, ಜತೆಗಾರರ ಆಸ್ತಿಯನ್ನು ಅದರ ಕೆಳಗೆ ತಡೆಹಿಡಿಯಬಹುದು. ಅಲ್ಲಿ ಸಾಬೀತು ಮಾಡುವ ಭಾರ ತಿರುಗಿ ನಮ್ಮ ಮೇಲೆ ಬೀಳುತ್ತದೆ: ಇದು ಅಕ್ರಮವಾಗಿ ಗಳಿಸಿದ್ದಲ್ಲ ಎಂದು ನಾವೇ ತೋರಿಸಬೇಕು. ಕೇರಳದ ಈ ಪ್ರಕರಣಗಳನ್ನು ನೋಡುವ ಅಧಿಕಾರಿ ಚೆನ್ನೈಯಲ್ಲಿದ್ದಾರೆ. ತನಿಖಾಧಿಕಾರಿಯ ತಡೆ ಆದೇಶವನ್ನು ಅವರು 30 ದಿನದೊಳಗೆ ಖಾಯಂ ಮಾಡದಿದ್ದರೆ ಅದಕ್ಕೆ ಬಲ ಇಲ್ಲ. ಅವರ ಮುಟ್ಟುಗೋಲು ಆದೇಶದ ಮೇಲೆ 45 ದಿನದೊಳಗೆ ಅಪೀಲು ಹೋಗಬೇಕು. ಈ ಅಧ್ಯಾಯ ಸಾಮಾನ್ಯವಾಗಿ ದೊಡ್ಡ ಪ್ರಮಾಣದ ಕೇಸುಗಳಲ್ಲಿ, ಮನೆ, ಜಾಗ, ಬ್ಯಾಂಕ್ ಖಾತೆಗಳ ಮೇಲೆ ಬರುತ್ತದೆ. ಎಂಡಿಎಂಎ ವಿಷಯದಲ್ಲಿ ಅರ್ಧ ಗ್ರಾಂವರೆಗೆ ಸಣ್ಣ ಪ್ರಮಾಣ, 10 ಗ್ರಾಂನಿಂದ ಮೇಲೆ ವಾಣಿಜ್ಯ ಪ್ರಮಾಣ. ನಿಮ್ಮ ಮಗನ ಕೇಸು ನಡುವಿನದು. ಆದರೂ ಚೆನ್ನೈಯಿಂದ ರಿಜಿಸ್ಟರ್ಡ್ ಕಾಗದ ಬಂದರೆ ಪೋಸ್ಟ್‌ಮ್ಯಾನ್ ಕೈಯಿಂದ ಸಹಿ ಹಾಕಿ ತಗೊಳ್ಳಿ. ಹೆದರಿ ವಾಪಸ್ ಕಳಿಸಿದವರನ್ನು ನೋಡಿದ್ದೇನೆ. ಕಾಗದ ವಾಪಸ್ ಹೋದರೂ ದಿನ ಎಣಿಕೆಯಾಗುತ್ತಲೇ ಇರುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮ ಗಡಿಯಲ್ಲಿ ತುಂಬ ಇದೆ: 50,000ಕ್ಕಿಂತ ಜಾಸ್ತಿ ಹಣ ಹಿಡಿದುಕೊಂಡು ಹೋದರೆ ಅಪರಾಧ ಅಂತ. ಅಂಥ ಕಾನೂನು ಇಲ್ಲ. ಅದು ಚುನಾವಣೆಯ ನೀತಿಸಂಹಿತೆ ಇರುವಾಗ ತಪಾಸಣೆಯವರು ನೋಡುವ ಲೆಕ್ಕ. ಉಳಿದ ಕಾಲದಲ್ಲಿ ಹಣ ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿಂದ ಬಂತು ಎನ್ನುವುದೇ ಪ್ರಶ್ನೆ.

ಈಗ ಮಹಜರಿಗೆ ಬರುತ್ತೇನೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಾಸರಗೋಡಿನ ಕನ್ನಡಿಗರಿಗೆ ಪೆಟ್ಟು ಬೀಳುವುದು ಅಲ್ಲೇ.

ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯವರಿಗೆ ಮಲಯಾಳಂ ಮಾತು ಬರುತ್ತದೆ, ಅಕ್ಷರ ಬಾರದು. ಓದಿ ಹೇಳಿದ್ದನ್ನು ಕೇಳಿ ತಲೆ ಆಡಿಸಿ ಸಹಿ ಹಾಕುತ್ತಾರೆ. ಒಂದು ಹಳೆಯ ಕೇಸಿನಲ್ಲಿ ನನ್ನ ಕಕ್ಷಿದಾರನ ಮಹಜರಿನಲ್ಲಿ ‘ವಿಟ್ಟ ಪಣಂ’ ಎಂದಿತ್ತು. ಮಲಯಾಳಂನಲ್ಲಿ ಅಲ್ಲಿನ ಅರ್ಥ ಮಾರಿ ಬಂದ ಹಣ. ಅದೇ ಮಾತನ್ನು ನಾಲಗೆ ಸ್ವಲ್ಪ ಹೊರಳಿಸಿ ಹೇಳಿದರೆ ಬಿಟ್ಟ ಎಂದಾಗುತ್ತದೆ. ಆತ ಕೇಳಿಸಿಕೊಂಡದ್ದು ‘ಬಿಟ್ಟ ಹಣ’ ಎಂದು, ಕಾರಿನಲ್ಲಿ ಬಿಟ್ಟುಹೋದ ಹಣ ಎಂದು. ಹೌದು ಅಂದ, ಸಹಿ ಹಾಕಿದ. ಆ ಒಂದು ಹೌದನ್ನು ಬಿಡಿಸಲು ನಮಗೆ ತುಂಬ ಕಷ್ಟವಾಯಿತು.

ನಿಮ್ಮ ಮಗನ ಮಹಜರಿನಲ್ಲೂ ಹಾಗೇನಾದರೂ ಇದ್ದರೆ ಎದೆಗುಂದಬೇಡಿ. ಎನ್‌ಡಿಪಿಎಸ್ ಅಧಿಕಾರಿಗಳ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು ತೂಫಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಗೂ ಕೋರ್ಟಿನಲ್ಲಿ ಬೆಲೆ ಇಲ್ಲ. ಇನ್ನು ಮುಂದೆ ನೀವು ಇಲಾಖೆಗೆ ಕೊಡುವ ಅರ್ಜಿಯನ್ನು ಕನ್ನಡದಲ್ಲೇ ಕೊಡಿ. ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲೂ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಆ ಹಕ್ಕು ಇದೆ. ಕೋರ್ಟಿಗೆ ಕೊಡುವ ಅಫಿಡವಿಟ್ ಇಂಗ್ಲಿಷಿನಲ್ಲೋ ಮಲಯಾಳಂನಲ್ಲೋ ಇದ್ದರೆ, ಕನ್ನಡದಲ್ಲಿ ಓದಿ ಹೇಳಿ ಅರ್ಥ ಮಾಡಿಸಲಾಗಿದೆ ಎಂಬ ಸಾಲು ಕೊನೆಗೆ ಇರಲಿ. ನಿಜವಾಗಿಯೂ ಓದಿ ಹೇಳಿಸಿಕೊಳ್ಳಿ. ವಕೀಲರಿಗೆ ಅರ್ಜೆಂಟ್ ಇದ್ದರೆ ನಾಳೆ ಬರುತ್ತೇನೆ ಎನ್ನಿ.

ಮಹಜರಿನ ನಕಲು ತೆಗೆಸಿ, ಗೊತ್ತಿರುವವರಿಂದ ಸಾಲು ಸಾಲಾಗಿ ಓದಿಸಿ. ನೋಡಬೇಕಾದದ್ದು ಇಷ್ಟು. ಹಣ ಯಾರ ಹತ್ತಿರ, ಎಲ್ಲಿ ಸಿಕ್ಕಿತು ಎಂದಿದೆ: ನಿಮ್ಮ ಮಗನ ಬ್ಯಾಗಿನಲ್ಲೋ, ಗೆಳೆಯನ ಸೀಟಿನ ಕೆಳಗೋ? 500ರ ನೋಟು ಎಷ್ಟು, 200ರದ್ದು ಎಷ್ಟು? ನೋಟಿನ ನಂಬರು ಬರೆದಿದ್ದಾರಾ? ಕಟ್ಟುಗಳ ಮೇಲೆ ಬ್ಯಾಂಕಿನ ಪಟ್ಟಿ ಇತ್ತೆಂದು ಬರೆದಿದ್ದಾರಾ? ಸೊಸೈಟಿ ಬ್ಯಾಂಕಿನಿಂದ ತೆಗೆದ ಒಂದೂವರೆ ಲಕ್ಷ 500ರ ಮೂರು ಕಟ್ಟಾಗಿ ಬಂದಿರಬೇಕು. ಕಾಗದದ ಆ ಸಣ್ಣ ಪಟ್ಟಿಯ ಮೇಲೆ ಬ್ಯಾಂಕಿನ ಸೀಲು, ತಾರೀಕು, ಎಣಿಸಿದವರ ಚಿಕ್ಕ ಸಹಿ ಇರುತ್ತದೆ. ಡ್ರಗ್ಸ್ ಮಾರಿದವನ ಕೈಯಲ್ಲಿ ಬ್ಯಾಂಕಿನ ಪಟ್ಟಿ ಹರಿಯದ ಮೂರು ಕಟ್ಟು ಹೇಗೆ ಬರುತ್ತದೆ? ನ್ಯಾಯಾಧೀಶರ ಮುಂದೆ ಆ ಪಟ್ಟಿ ಹತ್ತು ವಾದಗಳಿಗಿಂತ ಜಾಸ್ತಿ ಮಾತಾಡುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 105ನೇ ಸೆಕ್ಷನ್ ಪ್ರಕಾರ ಶೋಧ, ಜಪ್ತಿಯನ್ನು ವಿಡಿಯೋ ಮಾಡಬೇಕು. ವಿಡಿಯೋದಲ್ಲಿ ಪಟ್ಟಿ ಕಾಣಬಹುದು. ನಿಮ್ಮ ವಕೀಲರು ಅದನ್ನು ಕೇಳಲಿ.

ಈಗ ಆ 6,500ದ ಮಾತು. ನೀವು ಕೊಟ್ಟದ್ದು 3,25,000, ಮಹಜರಿನಲ್ಲಿ 3,31,500. ಎಲ್ಲವನ್ನೂ ನನ್ನದೇ ಎಂದುಬಿಡಿ ಅಂತ ಯಾರಾದರೂ ಹೇಳಿಯಾರು. ಬೇಡ. ಅರ್ಜಿ ಹಾಕುವ ಮುಂಚೆ ಮಗನನ್ನು ಎದುರು ಕೂರಿಸಿ ಕೇಳಿ. ಅದು ಅವನ ಸಂಬಳದ್ದೋ, ಗೆಳೆಯ ಇಡಲು ಕೊಟ್ಟದ್ದೋ? ಏನೇ ಇರಲಿ, ನಿಮ್ಮ ಅರ್ಜಿಯಲ್ಲಿ 3,25,000 ಮಾತ್ರ ಇರಲಿ. ನನ್ನ ವೃತ್ತಿಯಲ್ಲಿ ಕಂಡ ಒಂದು ಮಾತು ಹೇಳುತ್ತೇನೆ: ಇಷ್ಟು ನನ್ನದು, ಉಳಿದದ್ದು ನನಗೆ ಗೊತ್ತಿಲ್ಲ ಎನ್ನುವ ಸಾಕ್ಷಿಯ ಮಾತನ್ನು ಕೋರ್ಟು ಬೇರೆಯೇ ರೀತಿ ಕೇಳುತ್ತದೆ.

ಅಡಿಕೆ ಬಿಲ್ಲಿಗೂ ಇದೇ ಉತ್ತರ. ಆವತ್ತು ಇಲ್ಲದ ಬಿಲ್ಲನ್ನು ಇವತ್ತು ಹಳೆಯ ತಾರೀಕು ಹಾಕಿ ಬರೆಸಬೇಡಿ. ಸುಳ್ಳು ದಾಖಲೆ ಸೃಷ್ಟಿಸಿ ಕೋರ್ಟಿಗೆ ಕೊಟ್ಟರೆ ಏಳು ವರ್ಷದವರೆಗೆ ಶಿಕ್ಷೆ ಇದೆ. ನಿಮ್ಮನ್ನೂ ಆರೋಪಿ ಮಾಡುತ್ತಾರಾ ಎಂದು ಹೆದರಿದ್ದೀರಲ್ಲ, ನೀವು ಆರೋಪಿಯಾಗುವ ನಿಜವಾದ ದಾರಿ ಅದೊಂದೇ. ನನ್ನ ಹಣ ಕೊಡಿ ಎಂದು ಕೇಳುವುದು ಅಪರಾಧ ಅಲ್ಲ. ಡ್ರಗ್ಸ್ ವ್ಯವಹಾರಕ್ಕೆ ಹಣ ಹಾಕಿದವರಿಗೆ 27ಎ ಸೆಕ್ಷನ್‌ನಲ್ಲಿ ಹತ್ತರಿಂದ ಇಪ್ಪತ್ತು ವರ್ಷ ಶಿಕ್ಷೆ ಇದೆ, ನಿಜ. ಆದರೆ ಮಗಳ ಚಿನ್ನಕ್ಕೆ ಕೊಟ್ಟ ಹಣ ಅದರೊಳಗೆ ಬರುವುದಿಲ್ಲ.

ಹಾಗಾದರೆ ಅಡಿಕೆ ಹಣಕ್ಕೆ ಏನು ತೋರಿಸುವುದು? ವ್ಯಾಪಾರಿ ತೂಗುವಾಗ ಬರೆದ ಚೀಟಿ ಮನೆಯಲ್ಲಿ ಎಲ್ಲಾದರೂ ಇದೆಯಾ ನೋಡಿ. ಅವರ ಅಂಗಡಿಯ ಪುಸ್ತಕದಲ್ಲಿ ಆ ದಿನದ ಸಾಲು ಇದ್ದರೆ ಅದರ ಫೋಟೋ ಸಾಕು. ಅಡಿಕೆಗೆ ಜಿಎಸ್‌ಟಿ ಇರುವುದರಿಂದ ಅವರು ಕೊಡಲು ಹಿಂದೇಟು ಹಾಕಬಹುದು. ಒತ್ತಾಯ ಮಾಡಬೇಡಿ, ಕೋರ್ಟಿನ ಮೂಲಕ ಕರೆಸಬಹುದು. ಜತೆಗೆ ತೋಟದ ತೀರ್ವೆ (ಭೂಕಂದಾಯ) ರಶೀದಿ, ಗ್ರಾಮ ಕಚೇರಿಯ ಕೈವಶ ಪತ್ರ, ಹಿಂದಿನ ವರ್ಷಗಳಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋಗೆ ಅಡಿಕೆ ಹಾಕಿದ್ದರೆ ಆ ಬಿಲ್ಲುಗಳು. ಈ ತೋಟದಲ್ಲಿ ವರ್ಷಕ್ಕೆ ಇಷ್ಟು ಅಡಿಕೆ ಆಗುತ್ತದೆ ಎಂದು ಕೋರ್ಟಿಗೆ ಕಂಡರೆ ಮೂರು ಕ್ವಿಂಟಾಲ್ ದೊಡ್ಡ ಮಾತಾಗುವುದಿಲ್ಲ. ಚಿನ್ನದ ಸಾಲದ ಕಾಗದ, ಪಾಸ್‌ಬುಕ್ಕು, ತಮ್ಮನ ಹಣ ಬಂದ ಸಾಲು, ಮದುವೆಯ ಕರೆಯೋಲೆ, ಹಾಲ್ ಬುಕ್ ಮಾಡಿದ ರಶೀದಿ ಇವೆಲ್ಲ ಸುಲಭ. ಒಂದು ಎಚ್ಚರ: ಚಿನ್ನದಂಗಡಿಯವರು ಒಬ್ಬರಿಂದ ಒಂದು ದಿನ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವಂತಿಲ್ಲ. ಎಷ್ಟು ಚಿನ್ನಕ್ಕೆ, ಎಷ್ಟು ಬಟ್ಟೆಗೆ ಎಂದು ಸರಕಾರಿ ವಕೀಲರು ಕೇಳುತ್ತಾರೆ. ನೀವು ನಿಜವಾಗಿ ಏನು ಅಂದುಕೊಂಡಿದ್ದಿರೋ ಅದನ್ನೇ ಹೇಳಿ.

ಇನ್ನು ದಾರಿಗಳು. ಒಂದು, ಕೇಸು ಮುಗಿಯುವ ಮುಂಚೆಯೇ ಹಣವನ್ನು ಮಧ್ಯಂತರವಾಗಿ ಕೊಡಿ ಎಂದು ಕೇಳುವುದು. ಹಳೆಯ ಸಿಆರ್‌ಪಿಸಿ ಕಾನೂನಿನಲ್ಲಿ ಇದು 451 ಮತ್ತು 457ನೇ ಸೆಕ್ಷನ್. ಈಗ ಬಿಎನ್‌ಎಸ್‌ಎಸ್‌ನಲ್ಲಿ 497 ಮತ್ತು 503. ಬೆಲೆಬಾಳುವ ವಸ್ತು, ನೋಟುಗಳನ್ನು ಸುಮ್ನೆ ಠಾಣೆಯಲ್ಲಿ ಇಟ್ಟುಕೊಳ್ಳಬೇಡಿ, ಪಟ್ಟಿ ಮಾಡಿ, ಫೋಟೋ ತೆಗೆದು, ಬಾಂಡ್ ಬರೆಸಿಕೊಂಡು ಕೊಡಿ ಎಂದು ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಎನ್‌ಡಿಪಿಎಸ್ ಕೇಸಿನಲ್ಲಿ ಜಪ್ತಿಯಾದ ವಾಹನವನ್ನು ಮಧ್ಯಂತರವಾಗಿ ಬಿಡಲು ಅಡ್ಡಿ ಇಲ್ಲ ಎಂದು 2025ರ ಜನವರಿಯಲ್ಲಿ ಬಿಶ್ವಜಿತ್ ಡೇ ಪ್ರಕರಣದಲ್ಲಿ ಹೇಳಿದೆ. ಅದು ವಾಹನದ ತೀರ್ಪು, ಆದರೂ ವಾದಕ್ಕೆ ಬಲ ಕೊಡುತ್ತದೆ. ಅರ್ಜಿ ನಿಮ್ಮ ಹೆಸರಿನಲ್ಲಿ ಇರಲಿ, ಮಗನ ಹೆಸರಿನಲ್ಲಿ ಬೇಡ.

ಇದರಲ್ಲಿ ಅಪಾಯವೂ ಇದೆ. ನೀವು ಅಫಿಡವಿಟ್‌ನಲ್ಲಿ ಬರೆದದ್ದು ನಾಳೆ ಮಗನ ವಿಚಾರಣೆಯಲ್ಲಿ ಸರಕಾರಿ ವಕೀಲರ ಕೈಗೆ ಸಿಗುತ್ತದೆ. ಬೆಳಿಗ್ಗೆ ಮನೆಯಲ್ಲಿ ಕೊಟ್ಟೆ ಎಂದು ನೀವು, ಪೆರ್ಲ ಪೇಟೆಯಲ್ಲಿ ತಗೊಂಡೆ ಎಂದು ಅವನು ಹೇಳಿದರೆ ಇಬ್ಬರ ಮಾತೂ ಬೀಳುತ್ತದೆ. ಅದಕ್ಕೇ ಮಗನ ವಕೀಲರು ನೋಡದೆ ನಿಮ್ಮ ಅರ್ಜಿ ಹೋಗಬಾರದು. ಮಗನ ಫೋನಿನಲ್ಲಿರುವ ಮೆಸೇಜು, ಗೂಗಲ್ ಪೇ ಲೆಕ್ಕ ಯಾವುದನ್ನೂ ಅಳಿಸಬೇಡಿ, ನಿಮ್ಮ ಫೋನಿನದ್ದನ್ನೂ. ಕೋರ್ಟು ಹಣ ಕೈಗೆ ಕೊಡಲು ಒಪ್ಪದಿರುವ ಸಾಧ್ಯತೆಯೂ ಇದೆ. ಆಗ ಕೇಸು ಮುಗಿಯುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಿ ಎಂದಾದರೂ ಆದೇಶ ಮಾಡಿ ಎಂದು ಅದೇ ಅರ್ಜಿಯಲ್ಲಿ ಕೇಳಿ.

ಠೇವಣಿಯ ಮಾತನ್ನು ಸುಮ್ನೆ ಹೇಳುತ್ತಿಲ್ಲ. 2016ರ ನವೆಂಬರಿನಲ್ಲಿ 500, 1000ದ ಹಳೆಯ ನೋಟು ರದ್ದಾದಾಗ ಎಷ್ಟೋ ಜನರ ಹಣ ಕವರಿನೊಳಗೆ ಸೀಲಾಗಿ ಠಾಣೆ, ಕೋರ್ಟುಗಳಲ್ಲಿ ಇತ್ತು. ಕೇಸು ಗೆದ್ದರೂ ಕೈಗೆ ಬರುವುದು ಬರೀ ಕಾಗದ. 2017ರ ಮೇಯಲ್ಲಿ ಕೇಂದ್ರ ಸರ್ಕಾರ ಬೇರೆಯೇ ನಿಯಮ ತರಬೇಕಾಯಿತು. ಅದರಲ್ಲೂ ಜಪ್ತಿ ಮಾಡಿದವರು ನೋಟಿನ ನಂಬರು ಬರೆದಿಟ್ಟಿರಬೇಕು, ಅದು ಕೋರ್ಟಿನ ಆದೇಶದಲ್ಲಿ ಇರಬೇಕು ಎಂಬ ಷರತ್ತಿತ್ತು. ಅದನ್ನು ಕಣ್ಣಾರೆ ಕಂಡ ಮೇಲೆ ನೋಟನ್ನು ನೋಟಾಗಿಯೇ ಕೊಳೆಯಲು ಬಿಡುವ ಧೈರ್ಯ ನನಗೆ ಬರುವುದಿಲ್ಲ.

ಎರಡನೇ ದಾರಿ, ವಿಚಾರಣೆ ಮುಗಿಯುವವರೆಗೆ ಕಾದು 63ನೇ ಸೆಕ್ಷನ್‌ನಲ್ಲಿ ಹಕ್ಕು ಹೇಳುವುದು. ಮಗನ ಮೇಲಿನ ಸಾಕ್ಷ್ಯ ಬಲವಾಗಿದ್ದು, ನಿಮ್ಮ ಅಫಿಡವಿಟ್‌ನಿಂದ ಅವನಿಗೆ ತೊಂದರೆ ಎನಿಸಿದರೆ ಕೆಲವೊಮ್ಮೆ ಇದೇ ಸರಿ. ಆದರೆ ವರ್ಷಗಳು ಹಿಡಿಯುತ್ತವೆ, ಅಷ್ಟರಲ್ಲಿ ಚೀಟಿ ಹರಿಯುತ್ತದೆ, ಸಾಕ್ಷಿಗಳು ಮರೆಯುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ ಮೊದಲನೆಯದೇ. ಕೆಳಗಿನ ಕೋರ್ಟು ಅರ್ಜಿ ತಳ್ಳಿಹಾಕಿದರೆ ಎರ್ನಾಕುಳಂನ ಹೈಕೋರ್ಟಿದೆ. ಆದಾಯ ತೆರಿಗೆ ಇಲಾಖೆಯೂ ನಡುವೆ ಹಣದ ಮೂಲ ಕೇಳಬಹುದು. ಇದೇ ಕಾಗದಗಳನ್ನು ಅಲ್ಲಿಗೂ ಕೊಟ್ಟರಾಯಿತು.

ನೂರಕ್ಕೆ ಮೂವತ್ತು ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಕೋರ್ಟಿನ ಆದೇಶ ಇಲ್ಲದೆ ಈ ಹಣವನ್ನು ಬಿಡಿಸುವ ಕೈ ಯಾರಿಗೂ ಇಲ್ಲ. ಲಂಚ ಕೊಟ್ಟವರಿಗೂ ಶಿಕ್ಷೆ ಇದೆ. ವಕೀಲರ ಫೀಸಿನ ಚಿಂತೆ ಇದ್ದರೆ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗಬೇಕು ಎಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. 15100ಕ್ಕೆ ಫೋನ್ ಮಾಡಿ, ಅಥವಾ ಕಾಸರಗೋಡಿನ ಕೋರ್ಟಿನ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕನ್ನಡ ಬಲ್ಲ ವಕೀಲರನ್ನು ಕೊಡಿ ಎಂದು ಬಾಯಿಬಿಟ್ಟು ಕೇಳಿ.

ಮದುವೆಗೆ ಮುಂಚೆ ಹಣ ಕೈಗೆ ಬರುತ್ತದೆ ಎಂದು ನಾನು ಮಾತು ಕೊಡಲಾರೆ. ಗಂಡಿನ ಕಡೆಯವರೊಡನೆ ಈಗಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಆದರೆ ಈ ವಾರವೇ ಮಾಡಬೇಕಾದ ಒಂದು ಕೆಲಸ ಇದೆ. ಮಗ ಚಿನ್ನ ತಗೊಳ್ಳದಿದ್ದರೂ ಅಂಗಡಿಯಲ್ಲಿ ಲೆಕ್ಕ ಹಾಕಿಸಿರಬೇಕು ಅಲ್ವಾ? ಸರ ಇಷ್ಟು ಗ್ರಾಂ, ಮಜೂರಿ ಇಷ್ಟು ಎಂದು ಬರೆದ ಅಂಗೈ ಅಗಲದ ಎಸ್ಟಿಮೇಟ್ ಚೀಟಿ ಅವನ ಪರ್ಸಿನಲ್ಲೋ ಅಂಗಿ ಜೇಬಿನಲ್ಲೋ ಇದೆಯಾ ಹುಡುಕಿ, ಆ ಅಂಗಿಯನ್ನು ಒಗೆಯಲು ಹಾಕುವ ಮುಂಚೆ. ಚೀಟಿ ಸಿಗದಿದ್ದರೂ ಮಂಗಳೂರಿನ ಆ ಅಂಗಡಿಗೆ ಹೋಗಿ, ಆ ದಿನದ ಕ್ಯಾಮರಾ ದೃಶ್ಯ ತೆಗೆದಿಡಿ ಎಂದು ಬರವಣಿಗೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಅಂಗಡಿಗಳ ಕ್ಯಾಮರಾದಲ್ಲಿ ಹಳೆಯ ದೃಶ್ಯ ಹೆಚ್ಚು ದಿನ ಉಳಿಯುವುದಿಲ್ಲ.